ಹಣ ಪೂರ್ತಿ ಬರದಿದ್ದರೂ ಲೆಕ್ಕ ಪೂರ್ತಿ ಕೊಡು

ಮಗಳೇ,

ಹೋದ ಭಾನುವಾರ ಪುಣೆಯ ಕೋಥರೂಡಿನ ನಮ್ಮ ಮನೆಗೆ ಬಂದಾಗ ನಿನ್ನ ಮುಖ ಅರಳಿತ್ತು. "ಕಾಕಾ, ನಮ್ಮ ಆಫೀಸನ್ನ ಕೋರ್ಟು ರಿಸೀವರ್ ಅಂತ ನೇಮಿಸ್ಯದ. ಮುಳುಗಿದ ಕಂಪನಿಯ ಠೇವಣಿದಾರರ ಅರ್ಜಿ ನೋಡೋ ಕೆಲಸ ನನಗ ಕೊಟ್ಟಾರ" ಅಂದೆ. ನಾನು ಶಾಭಾಸ್ ಅಂದು ಅವಲಕ್ಕಿಯ ತಾಟು ನಿನ್ನ ಮುಂದೆ ಸರಿಸಿದೆ. ಹೇಳಬೇಕಾದ ಮಾತು ಗಂಟಲಲ್ಲೇ ಉಳಿಯಿತು. ನೀನು ಹೋದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಶಿವಾಜಿನಗರ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು ನಲವತ್ತು ವರ್ಷ ಕಳೆದವನು ನಾನು. ಈ ಕೆಲಸದಲ್ಲಿ ಎಲ್ಲಿ ಕಾಲು ಜಾರುತ್ತದೆ ಎಂದು ಗೊತ್ತಿದ್ದೂ ಸುಮ್ಮನಿದ್ದರೆ ಅದು ತಪ್ಪಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಸ್ಥಾನ ಯಾವುದೆಂದು ತಿಳಿದುಕೊ. ನಿನ್ನ ಆಫೀಸಿಗೆ ಇದು ಇನ್ನೊಂದು ಕೇಸು ಅಲ್ಲ. ಇಲ್ಲಿ ನಿಮಗೆ ಕಕ್ಷಿದಾರನೇ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 40ನೆಯ ಆದೇಶದಡಿ ರಿಸೀವರ್ ಆದವನು ಕೋರ್ಟಿನ ಕೈ. ಅವನ ವಶಕ್ಕೆ ಬಂದ ಆಸ್ತಿ ಕೋರ್ಟಿನ ವಶದಲ್ಲಿದೆ ಎಂದೇ ಅರ್ಥ. ಆ ಆದೇಶದ 3ನೆಯ ನಿಯಮವನ್ನು ಇವತ್ತೇ ಇನ್ನೊಮ್ಮೆ ಓದು. ಕೋರ್ಟು ಕೇಳಿದಷ್ಟು ಜಾಮೀನು ಕೊಡಬೇಕು, ಹೇಳಿದ ಅವಧಿಗೆ ಹೇಳಿದ ನಮೂನೆಯಲ್ಲಿ ಲೆಕ್ಕ ಒಪ್ಪಿಸಬೇಕು, ತನ್ನಿಂದ ಸಲ್ಲಬೇಕಾದ ಹಣ ಕಟ್ಟಬೇಕು, ಬೇಕೆಂದೇ ಮಾಡಿದ ತಪ್ಪಿನಿಂದಲೋ ಘೋರ ಅಲಕ್ಷ್ಯದಿಂದಲೋ ಆಸ್ತಿಗೆ ಹಾನಿಯಾದರೆ ಹೊಣೆ ಹೊರಬೇಕು. 4ನೆಯ ನಿಯಮ ಇನ್ನೂ ಕಠಿಣ. ಲೆಕ್ಕ ಕೊಡದ ರಿಸೀವರನ ಸ್ವಂತ ಆಸ್ತಿಯನ್ನೇ ಕೋರ್ಟು ಜಪ್ತಿ ಮಾಡಿ, ಮಾರಿ, ನಷ್ಟ ತುಂಬಿಸಿಕೊಳ್ಳಬಹುದು. 1908ರಲ್ಲಿ ಈ ಸಂಹಿತೆ ಬರೆದವರು ಹಣದ ಜೊತೆಜೊತೆಗೆ ಲೆಕ್ಕದ ಮಾತನ್ನೂ ಇಟ್ಟರು. ಯಾಕೆಂದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ಠೇವಣಿ ಮುಳುಗುವ ವಿಷಯದಲ್ಲಿ ಈ ಊರು ಸಾಕಷ್ಟು ಅನುಭವಿಸಿದೆ. ನೀನಿನ್ನೂ ಕಾಲೇಜಿಗೆ ಹೋಗುತ್ತಿದ್ದ ಕಾಲ, 2017ರ ಅಕ್ಟೋಬರಿನಲ್ಲಿ ಬಿಲ್ಡರ್ ಡಿ.ಎಸ್. ಕುಲಕರ್ಣಿಯವರ ಸಮೂಹದ ಮೇಲೆ ಮೊದಲ ಎಫ್‌ಐಆರ್ ದಾಖಲಾಯಿತು. ಪುಣೆಯ ಮರಾಠಿ ಮಧ್ಯಮವರ್ಗದಲ್ಲಿ 'ಡಿಎಸ್‌ಕೆ' ಎಂಬ ಮೂರಕ್ಷರಕ್ಕೆ ಇದ್ದ ಬೆಲೆ ಬ್ಯಾಂಕಿಗೂ ಇರಲಿಲ್ಲ. ನಿವೃತ್ತ ಮಾಸ್ತರರು, ಸರಕಾರಿ ನೌಕರರು ತಮ್ಮ ಗ್ರ್ಯಾಚುಯಿಟಿಯನ್ನು ತಂದು ಅಲ್ಲಿ ಎಫ್‌ಡಿ ಇಟ್ಟಿದ್ದರು. 2018ರ ಫೆಬ್ರವರಿಯಲ್ಲಿ ಕುಲಕರ್ಣಿಯವರ ಬಂಧನವಾಯಿತು. 30,000ಕ್ಕೂ ಹೆಚ್ಚು ಠೇವಣಿದಾರರು, 2,000 ಕೋಟಿ ರೂಪಾಯಿಗೂ ಹೆಚ್ಚು ಹಣ ಎಂಬುದು ಪೊಲೀಸರ ಆರೋಪ. ಮಹಾರಾಷ್ಟ್ರದ 1999ರ ಠೇವಣಿದಾರರ ಹಿತರಕ್ಷಣೆ ಕಾಯ್ದೆ, ನಾವೆಲ್ಲ ಎಂಪಿಐಡಿ ಅನ್ನುತ್ತೇವಲ್ಲ, ಅದರಡಿ ಆಸ್ತಿಗಳ ಜಪ್ತಿಯಾಯಿತು. ಇನ್ನೊಂದು ಕಡೆ 2019ರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. 2023ರಲ್ಲಿ ಅದರ ಪರಿಹಾರ ಯೋಜನೆಗೆ ಕಂಪನಿ ಕಾನೂನು ನ್ಯಾಯಮಂಡಳಿ (ಎನ್‌ಸಿಎಲ್‌ಟಿ) ಒಪ್ಪಿಗೆ ಕೊಟ್ಟಿತು. ಒಬ್ಬನೇ ಠೇವಣಿದಾರ, ಒಂದೇ ರಸೀದಿ, ಎರಡು ಸರದಿ. ಎಂಬತ್ತು ದಾಟಿದ ಒಬ್ಬರು ನನ್ನ ಮೇಜಿನ ಮುಂದೆ ಕೂತು, "ನಾನು ಯಾವ ಬಾಗಿಲಿಗೆ ಹೋಗಬೇಕು ಅಷ್ಟು ಹೇಳಿ ವಕೀಲ್‌ಸಾಹೇಬ್" ಎಂದು ಕೇಳಿದ್ದು ಈಗಲೂ ಕಿವಿಯಲ್ಲಿದೆ. ಹಣ ಯಾವಾಗ ಬರುತ್ತದೆ ಎಂದು ಅವರು ಕೇಳಲಿಲ್ಲ. ಯಾವ ಬಾಗಿಲು ಎಂದು ಕೇಳಿದರು.

ರೂಪೀ ಸಹಕಾರಿ ಬ್ಯಾಂಕಿನ ಕಥೆಯೂ ನಿನಗೆ ಗೊತ್ತಿರಬೇಕು. 1912ರಲ್ಲಿ ಹುಟ್ಟಿದ ಪುಣೆಯ ಬ್ಯಾಂಕು ಅದು. 2013ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ಹಣ ತೆಗೆಯುವುದಕ್ಕೆ ನಿರ್ಬಂಧ ಹಾಕಿತು. ಲೈಸೆನ್ಸು ರದ್ದಾದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವಿನ ಒಂಬತ್ತೂವರೆ ವರ್ಷ ಜನ ಕಾದರು. ಠೇವಣಿ ವಿಮೆ ಇರಲಿಲ್ಲವೇ ಎಂದರೆ, ಇತ್ತು. ಆದರೆ ಬ್ಯಾಂಕು ಮುಚ್ಚಿದ ಮೇಲೆಯೇ ಅದು ಕೈಗೆ ಬರುವ ಕಾಲ ಅದು. ಬ್ಯಾಂಕು ಬದುಕಲೂ ಇಲ್ಲ, ಸಾಯಲೂ ಇಲ್ಲ. ವಿಮೆ ಹಾಗೇ ದೂರದಲ್ಲಿ ನಿಂತಿತ್ತು. 2020ರ ಫೆಬ್ರವರಿಯಲ್ಲಿ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. 2021ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ನಿರ್ಬಂಧ ಬಿದ್ದ 90 ದಿನದೊಳಗೆ ವಿಮೆಯ ಹಣ ಕೊಡಬೇಕೆಂದಾಯಿತು. ಆಮೇಲೆ ರೂಪೀ ಬ್ಯಾಂಕಿನ ಠೇವಣಿದಾರರಿಗೆ ಸುಮಾರು 700 ಕೋಟಿ ರೂಪಾಯಿ ತಲುಪಿತು. 5 ಲಕ್ಷಕ್ಕಿಂತ ಹೆಚ್ಚು ಇಟ್ಟವರು ಉಳಿದದ್ದಕ್ಕೆ ಸಮಾಪನೆಯ ದಾರಿ ಕಾಯಬೇಕಾಯಿತು. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ನಮ್ಮ ಕಾನೂನುಗಳು ಎಷ್ಟೋ ಸಲ ಹಾಗೆಯೇ ಹುಟ್ಟಿವೆ. ಬಾಗಿಲಿದ್ದೂ ಸೂರೆಯಾಗುವುದುಂಟು. ಕರ್ನಾಟಕದಲ್ಲಿ 2004ರ ಠೇವಣಿದಾರರ ಕಾಯ್ದೆ ಇದ್ದಾಗಲೇ ಬೆಂಗಳೂರಿನ ಹೂಡಿಕೆ ಕಂಪನಿ ಐಎಂಎ 2019ರ ಜೂನ್‌ನಲ್ಲಿ ಕುಸಿಯಿತು. ಸೂರೆಯಾದ ಕೋಟೆಯೊಳಗೆ ಉಳಿದ ಚೂರುಪಾರು ಆರಿಸಿ ಹಂಚುವ ಕೆಲಸ ನಿನ್ನ ಪಾಲಿಗೆ ಬಂದಿದೆ.

ಈಗ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಇದನ್ನು ನಿನ್ನ ಅಪ್ಪನಿಗೂ ಹೇಳಿಲ್ಲ.

ನಾನು ಜೂನಿಯರ್ ಆಗಿದ್ದಾಗ ನನ್ನ ಹಿರಿಯ ವಕೀಲರಿಗೆ ಇಂಥದೇ ಒಂದು ಕೆಲಸ ಬಂದಿತ್ತು. ಮುಳುಗಿದ ಒಂದು ಸಣ್ಣ ಭಿಶಿ (ಚೀಟಿ) ಕಂಪನಿಯ ಉಳಿದ ಹಣ ಹಂಚುವುದು. ರಸೀದಿ ಪರಿಶೀಲಿಸುವವನು ನಾನು. ಸೊಲ್ಲಾಪುರದಿಂದ ಬೀಡಿ ಕಟ್ಟುವ ಒಬ್ಬ ಮುದುಕಿ ಬಂದಳು. ಅಕ್ಕಲಕೋಟೆ ಕಡೆಯವಳು, ನಮ್ಮ ಮಾತಿನವಳು. ಅವಳ ರಸೀದಿಯಲ್ಲಿ ತವರಿನ ಹೆಸರಿತ್ತು, ರೇಷನ್ ಕಾರ್ಡಿನಲ್ಲಿ ಗಂಡನ ಮನೆಯಲ್ಲಿಟ್ಟ ಹೆಸರು. ನಮ್ಮ ಕಡೆ ಮದುವೆಯಲ್ಲಿ ಹುಡುಗಿಯ ಹೆಸರು ಬದಲಿಸುವುದು ನಿನಗೇನು ಹೊಸದಲ್ಲ, ನಿನ್ನ ಅಜ್ಜಿಗೂ ಎರಡು ಹೆಸರು. ಎಲ್ಲ ಗೊತ್ತಿದ್ದೂ ನಾನು, "ಹೆಸರು ಕೂಡೂದಿಲ್ಲವ್ವಾ, ಅಫಿಡವಿಟ್ ತಗೊಂಡು ಬಾ" ಅಂದೆ. ಅಫಿಡವಿಟ್ ತಂದಳು. ಅದರಲ್ಲಿ ಊರಿನ ಹೆಸರು ತಪ್ಪಾಗಿತ್ತು. ಮತ್ತೆ ಕಳಿಸಿದೆ. ಮೂರನೆಯ ಸಲ ಬಂದಾಗ ಸಾಹೇಬರು ಊರಲ್ಲಿಲ್ಲ ಎಂದೆ. ಒಂದೊಂದು ಸಲ ಬಂದು ಹೋಗುವುದೆಂದರೆ ಒಂದು ದಿನದ ಬೀಡಿ ಕೂಲಿ ಹೋಯಿತು ಎಂದು ನನಗೆ ಹೊಳೆಯಲೇ ಇಲ್ಲ.

ನಾಲ್ಕನೆಯ ಸಲ ಅವಳ ಮಗ ಬಂದ. ಕೈಯಲ್ಲಿ ಮರಣದ ದಾಖಲೆ. ಹುಡುಕಿ ಲೆಕ್ಕ ಹಾಕಿದರೆ ಅವಳ ಪಾಲಿಗೆ ಬಂದದ್ದು ನಾನೂರು ಚಿಲ್ಲರೆ ರೂಪಾಯಿ. ಅವನು ಅದನ್ನು ಎಣಿಸಲೂ ಇಲ್ಲ. "ರೊಕ್ಕದ ಮಾತು ಇರ್ಲಿ ಸಾಹೇಬ್ರ. ನಮ್ಮವ್ವ ಸಾಯೂತನಕ, ನಾ ಏನ್ ತಪ್ಪ್ ಮಾಡೀನಿ ಅಂತ ವಾಪಸ್ ಕಳಸ್ತಾರೋ ಅಂತಿದ್ಲು. ಆಕೀದೇನೂ ತಪ್ಪಿರಲಿಲ್ಲ ಅಂತ ಒಂದ್ ಚೀಟಿ ಬರದ್ ಕೊಡ್ರಿ" ಅಂದ. ನಾನು ಹಿರಿಯರ ಮುಖ ನೋಡಿದೆ. ಹಾಗೆಲ್ಲ ಬರೆದು ಕೊಡುವ ಪದ್ಧತಿ ಇಲ್ಲ ಎಂದರು. ನಾನು ಬರೆದು ಕೊಡಲಿಲ್ಲ.

ಆ ಚೀಟಿಯ ಸಾಲ ನನ್ನ ತಲೆಯ ಮೇಲೆ ಇಂದಿಗೂ ಇದೆ. ಅವನು ಕೇಳಿದ್ದು ಲೆಕ್ಕ. ಮೋಸ ಮಾಡಿದವನು ಅವಳಿಗೆ ಲೆಕ್ಕ ಕೊಟ್ಟಿರಲಿಲ್ಲ. ನ್ಯಾಯದ ಹೆಸರಿನಲ್ಲಿ ಕೂತ ನಾನೂ ಕೊಡಲಿಲ್ಲ. ಮೇಜಿನ ಆಚೆ ಕೂತವರಿಗೆ ನಮ್ಮಿಬ್ಬರಲ್ಲಿ ಯಾವ ಭೇದ ಕಂಡೀತು?

ಹಾಗಾಗಿ ನಾನು ಹೇಳುವ ಮಾತು ಒಂದೇ. ಹಣ ಪೂರ್ತಿ ಹಿಂತಿರುಗಿಸುವುದು ನಿನ್ನ ಕೈಯಲ್ಲಿಲ್ಲ. ಅದನ್ನು ಯಾರೋ ಎಂದೋ ತಿಂದು ತೇಗಿದ್ದಾರೆ. ಲೆಕ್ಕ ಪೂರ್ತಿ ಕೊಡುವುದು ನಿನ್ನ ಕೈಯಲ್ಲಿದೆ, ಅದರಲ್ಲಿ ಒಂದು ಪೈಸೆಯೂ ಕಡಿಮೆ ಮಾಡಬೇಡ. ಉಳಿದದ್ದೆಲ್ಲ ಈ ಮಾತಿನ ವಿವರ.

ಅರ್ಜಿ ಬಂದ ದಿನವೇ ಅದಕ್ಕೊಂದು ನಂಬರು ಕೊಟ್ಟು ಪೋಚ್ (ಸ್ವೀಕೃತಿ) ಕೊಡು. ಸಣ್ಣ ಚೀಟಿಯಾದರೂ ಸರಿ, ತಾರೀಖು ಮತ್ತು ಸಹಿ ಇರಲಿ. ತಿಂಗಳಿಗೊಮ್ಮೆ ಎಷ್ಟು ಅರ್ಜಿ ಬಂದವು, ಎಷ್ಟು ಒಪ್ಪಿದೆವು, ಎಷ್ಟು ಬಾಕಿ, ಜಪ್ತಿಯಾದ ಆಸ್ತಿಯಲ್ಲಿ ಯಾವುದು ಮಾರಾಟವಾಯಿತು, ಯಾವುದಕ್ಕೆ ತಡೆಯಾಜ್ಞೆ ಇದೆ ಎಂದು ಒಂದು ಹಾಳೆಯಲ್ಲಿ ಬರೆದು ಆಫೀಸಿನ ಬಾಗಿಲಿಗೆ ಅಂಟಿಸು. ಏನೂ ಆಗದ ತಿಂಗಳು ಏನೂ ಆಗಿಲ್ಲ ಎಂದೇ ಬರೆ. ಸುದ್ದಿಯಿಲ್ಲದ ಜಾಗದಲ್ಲಿ ಗಾಳಿಸುದ್ದಿ ಬೆಳೆಯುತ್ತದೆ, ಗಾಳಿಸುದ್ದಿಯ ಬೆನ್ನಿಗೆ ದಲ್ಲಾಳಿ ಬರುತ್ತಾನೆ.

ದಲ್ಲಾಳಿಯ ವಿಷಯ ಹಗುರ ಮಾಡಬೇಡ. ಒಮ್ಮೆ ಮೋಸ ಹೋದವರ ಪಟ್ಟಿಯೇ ಎರಡನೆಯ ಮೋಸಗಾರನಿಗೆ ಬಂಡವಾಳ. "ನಿಮ್ಮ ಕ್ಲೇಮ್ ಪಾಸ್ ಮಾಡಿಸಿ ಕೊಡ್ತೀವಿ, ಸ್ವಲ್ಪ ಖರ್ಚಾಗ್ತದೆ" ಎಂದು ಫೋನು ಬರುತ್ತದೆ, ಓಟಿಪಿ ಕೇಳುತ್ತಾರೆ. ಪಿಎಸಿಎಲ್ ಪ್ರಕರಣ ನೆನಪಿಸಿಕೊ. ಸುಮಾರು 5.85 ಕೋಟಿ ಹೂಡಿಕೆದಾರರು, 49,100 ಕೋಟಿ ರೂಪಾಯಿ. 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ನ್ಯಾಯಮೂರ್ತಿ ಆರ್.ಎಂ. ಲೋಧಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಸಮಿತಿ ಕೇಳುವವರೆಗೂ ಮೂಲ ಸರ್ಟಿಫಿಕೇಟನ್ನು ಯಾರ ಕೈಗೂ ಕೊಡಬೇಡಿ ಎಂದು ಹೂಡಿಕೆದಾರರಿಗೆ ಮತ್ತೆ ಮತ್ತೆ ಎಚ್ಚರಿಸಬೇಕಾಯಿತು. ಸಣ್ಣ ಮೊತ್ತದವರಿಗೆ ಮೊದಲು, ಆಮೇಲೆ ಮೇಲಿನವರಿಗೆ ಎಂದು ಹಂತ ಹಂತವಾಗಿ ಹಂಚಿದರು. 20 ಲಕ್ಷಕ್ಕೂ ಹೆಚ್ಚು ಅರ್ಜಿಗಳಿಗೆ ಒಟ್ಟು 1,000 ಕೋಟಿಗೂ ಹೆಚ್ಚು ಹಣ ಹೋಯಿತು. ಒಟ್ಟು ಮೊತ್ತದ ಎದುರು ಇದು ಚಿಕ್ಕದು. ಆದರೆ ಐದು ಸಾವಿರ ಕಳೆದುಕೊಂಡ ಕೂಲಿಯವನಿಗೆ ಆ ಐದು ಸಾವಿರವೇ ಪೂರ್ತಿ ಗಂಟು ಎಂಬ ತಿಳಿವಳಿಕೆ ಆ ಕ್ರಮದಲ್ಲಿತ್ತು. ನಿಮ್ಮ ಹಂಚಿಕೆಯ ಯೋಜನೆಯನ್ನು ಕೋರ್ಟಿಗೆ ಸಲ್ಲಿಸುವಾಗ ಸಣ್ಣವರ ಮಾತು ಎತ್ತಲು ನೀನು ಹಿಂಜರಿಯಬೇಡ.

ಇನ್ನು ಹಂಚಿಕೆಯ ಗಣಿತ. ಇದರಲ್ಲೇ ಹೆಚ್ಚು ಜಗಳ. ಒಂದು ಉದಾಹರಣೆ ಹಿಡಿ. ಕೈಯಲ್ಲಿ 30 ಕೋಟಿ ಇದೆ, ಒಪ್ಪಿದ ಕ್ಲೇಮುಗಳು 150 ಕೋಟಿ. ರೂಪಾಯಿಗೆ 20 ಪೈಸೆ. ಸಮಪ್ರಮಾಣ ಅಂದಾಗ ಎಲ್ಲ ಸರಿಯಾಯಿತು ಅನ್ನಿಸುತ್ತದೆ. ಆದರೆ ಒಬ್ಬನು ಐದು ವರ್ಷದ ಹಿಂದೆ 1 ಲಕ್ಷ ಇಟ್ಟು ಶೇ. 18ರಂತೆ 90,000 ಬಡ್ಡಿ ಈಗಾಗಲೇ ಪಡೆದಿದ್ದಾನೆ. ಇನ್ನೊಬ್ಬಳು ಕಂಪನಿ ಮುಳುಗುವ ಹಿಂದಿನ ತಿಂಗಳು 1 ಲಕ್ಷ ಇಟ್ಟಿದ್ದಾಳೆ, ಒಂದು ಬಿಡಿಗಾಸೂ ಬಂದಿಲ್ಲ. ರಸೀದಿ ನೋಡಿ ಹಂಚಿದರೆ ಇಬ್ಬರಿಗೂ 20,000. ಆಗ ಅವನ ಕೈಗೆ ಒಟ್ಟು 1,10,000, ಅವಳ ಕೈಗೆ 20,000. ಅವನು ಪಡೆದ ಬಡ್ಡಿ ಬಂದದ್ದು ಅವಳಂಥವರ ಅಸಲಿನಿಂದಲೇ ಅಲ್ಲವೇ? ಕೊಟ್ಟದ್ದರಲ್ಲಿ ಪಡೆದದ್ದನ್ನು ಕಳೆದರೆ ಅವನ ನಷ್ಟ 10,000, ಅವಳದು ಪೂರ್ತಿ 1 ಲಕ್ಷ.

ನ್ಯೂಯಾರ್ಕಿನಲ್ಲಿ 2008ರ ಡಿಸೆಂಬರಿನಲ್ಲಿ ಬರ್ನಾರ್ಡ್ ಮೇಡಾಫ್‌ನ ವಂಚನೆ ಬಯಲಾದಾಗ ಟ್ರಸ್ಟಿಯಾಗಿ ಬಂದ ಇರ್ವಿಂಗ್ ಪಿಕಾರ್ಡ್ ಎಂಬ ವಕೀಲರು ಇದೇ ದಾರಿ ಹಿಡಿದರು. ಸುಳ್ಳು ಸ್ಟೇಟ್‌ಮೆಂಟಿನ ಕೊನೆಯ ಮೊತ್ತವನ್ನು ಬದಿಗಿಟ್ಟು, ನಿಜವಾಗಿ ಹಾಕಿದ್ದು ಎಷ್ಟು, ತೆಗೆದದ್ದು ಎಷ್ಟು ಎಂದು ನೋಡಿದರು. ಮೇಲಿನ ಕೋರ್ಟು 2011ರಲ್ಲಿ ಅದನ್ನು ಎತ್ತಿಹಿಡಿಯಿತು. ಅಸಲಿಗಿಂತ ಹೆಚ್ಚು ತೆಗೆದವರಿಂದ ಹಣ ವಾಪಸು ತರಿಸಿದರು. ನಿಮ್ಮ ಪ್ರಕರಣದಲ್ಲಿ ಯಾವ ದಾರಿ ಎಂಬುದು ಕೋರ್ಟಿನ ತೀರ್ಮಾನ. ನಿನ್ನ ಕೆಲಸ ಎರಡೂ ದಾರಿಯ ಪಟ್ಟಿ ಮಾಡಿ, ಯಾರಿಗೆ ಎಷ್ಟು ಬರುತ್ತದೆ, ಯಾರಿಗೆ ಕಡಿಮೆಯಾಗುತ್ತದೆ ಎಂದು ಮುಚ್ಚುಮರೆಯಿಲ್ಲದೆ ತೋರಿಸುವುದು. ಕಡಿಮೆ ಬರುವವನಿಗೂ ಕಾರಣ ತಿಳಿಯುವಂತೆ ಹೇಳಬೇಕು. ಅವನೂ ಮೋಸ ಹೋದವನೇ.

ಮೇಡಾಫ್ ಪ್ರಕರಣದ ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತಿದೆ. ಟ್ರಸ್ಟಿಯ ಮತ್ತು ಅವರ ವಕೀಲ ಸಂಸ್ಥೆಯ ಶುಲ್ಕ ದೊಡ್ಡದೇ. ಆದರೆ ಅದು ಮೋಸ ಹೋದವರಿಗೆಂದು ಕೂಡಿಸಿದ ಹಣದಿಂದ ಹೋಗಲಿಲ್ಲ, ಹೂಡಿಕೆದಾರರ ರಕ್ಷಣೆಗೆಂದು ಅಲ್ಲಿರುವ ಬೇರೆ ನಿಗಮ ಅದನ್ನು ಭರಿಸಿತು. ನಮ್ಮಲ್ಲಿ ರಿಸೀವರನ ಸಂಭಾವನೆಯನ್ನು ಕೋರ್ಟು ಗೊತ್ತು ಮಾಡುತ್ತದೆ, ಸಾಮಾನ್ಯವಾಗಿ ಅದು ಅದೇ ರಾಶಿಯಿಂದ ಬರುತ್ತದೆ. ಎಂದರೆ ನೀನು ಬರೆಯುವ ಪ್ರತಿ ಬಿಲ್ಲೂ ಯಾರದೋ ಪಾಲಿನಿಂದ ಕಡಿದದ್ದು. ಜೇನು ಕಿತ್ತವ ಕೈ ನೆಕ್ಕದೆ ಇರುತ್ತಾನೆಯೇ ಅನ್ನುತ್ತಾರೆ. ಈ ಗಾದೆ ಸುಳ್ಳಾಗಬೇಕಾದ ಕೆಲಸ ಜಗತ್ತಿನಲ್ಲಿ ಒಂದಿದ್ದರೆ ಅದು ಇದು. ಒಂದು ಗಂಟೆ ಕೆಲಸ ಮಾಡಿದರೆ ಒಂದು ಗಂಟೆ ಬರೆ. ಕಾರಿನ ಬಾಡಿಗೆ, ಝೆರಾಕ್ಸು, ಕಾವಲುಗಾರನ ಪಗಾರ, ಎಲ್ಲದಕ್ಕೂ ಚೀಟಿ ಇರಲಿ. ದುಡಿದ ಕೂಲಿ ಪಡೆಯುವುದರಲ್ಲಿ ನಾಚಿಕೆಯಿಲ್ಲ, ಅದನ್ನು ಬೆಳಕಿನಲ್ಲಿ ಪಡೆ.

ಹರಾಜಿನ ದಿನ ಇನ್ನೂ ಎಚ್ಚರ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶದ 73ನೆಯ ನಿಯಮದ ಪ್ರಕಾರ, ಮಾರಾಟದಲ್ಲಿ ಕರ್ತವ್ಯವಿರುವ ಯಾರೂ ಆ ಆಸ್ತಿಗೆ ಸವಾಲು ಕೂಗುವಂತಿಲ್ಲ, ನೇರವಾಗಿಯೂ ಇಲ್ಲ, ಮರೆಯಿಂದಲೂ ಇಲ್ಲ. ಕಾನೂನಿಗಿಂತ ಒಂದು ಹೆಜ್ಜೆ ಮುಂದೆ ನಿಲ್ಲು. ನಿನ್ನ ಬಂಧುಬಳಗ, ಗೆಳತಿಯರು, ಆಫೀಸಿನ ಹಳೆಯ ಕಕ್ಷಿದಾರರು ಯಾರೂ ಆ ಹರಾಜಿನ ಸುತ್ತ ಸುಳಿಯದಂತೆ ನೋಡಿಕೊ. ಆಫೀಸಿನ ಯಾವುದಾದರೂ ಕಕ್ಷಿದಾರ ಆ ಕಂಪನಿಗೆ ಸಾಲಗಾರನಾಗಿದ್ದರೆ ಮೊದಲ ದಿನವೇ ಹಿರಿಯರಿಗೆ ಬರೆದು ತಿಳಿಸು, ಕೋರ್ಟಿಗೂ ತಿಳಿಯಲಿ. ನಾನು ಮುಂದೆ ಹೇಳೋಣ ಎಂದುಕೊಂಡ ಮಾತುಗಳು ಎಂದೂ ಸುಲಭವಾಗಲಿಲ್ಲ.

ದಾಖಲೆ ಪರಿಶೀಲನೆಯಲ್ಲಿ ಬಿಗಿ ಇರಲೇಬೇಕು. ಸುಳ್ಳು ಕ್ಲೇಮು ಒಂದು ಒಳಗೆ ಬಂದರೆ ನಿಜದವರ ಪಾಲು ತಗ್ಗುತ್ತದೆ. ಬಿಗಿ ಎಲ್ಲಿ ಬೇಕು, ಎಲ್ಲಿ ಬೇಡ ಎಂಬ ವಿವೇಕವೂ ಇರಲಿ. ಠೇವಣಿದಾರ ತೀರಿಕೊಂಡಿದ್ದರೆ ನಾಮಿನಿ ಬರುತ್ತಾನೆ. ನಾಮಿನಿ ಎಂದರೆ ಮಾಲೀಕನಲ್ಲ, ವಾರಸುದಾರರ ಪರವಾಗಿ ಪಡೆಯುವವನು. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟು 2023ರ ಡಿಸೆಂಬರಿನಲ್ಲಿ ಇದನ್ನೇ ಮತ್ತೆ ಸ್ಪಷ್ಟಪಡಿಸಿತು. ಇದನ್ನು ಮನೆಯವರಿಗೆ ತಿಳಿಸಿ ಹೇಳು, ಅಣ್ಣತಮ್ಮಂದಿರ ಜಗಳ ಅರ್ಧ ತಪ್ಪುತ್ತದೆ. ಆದರೆ ಎಂಟು ಸಾವಿರ ರೂಪಾಯಿಗೆ ಕೋರ್ಟಿನ ವಾರಸಾ ಪತ್ರ ತನ್ನಿ ಅಂದರೆ ಪತ್ರದ ಖರ್ಚೇ ಮೊತ್ತವನ್ನು ನುಂಗುತ್ತದೆ. ಇಂತಿಷ್ಟು ಮೊತ್ತದವರೆಗೆ ಮುಚ್ಚಳಿಕೆ ಮತ್ತು ಇಬ್ಬರು ಸಾಕ್ಷಿಗಳು ಸಾಕು ಎಂದು ಕೋರ್ಟಿನಿಂದ ಮೊದಲೇ ಆದೇಶ ಪಡೆದುಕೊಳ್ಳಿ. ಎರಡು ಹೆಸರಿನ ಹೆಂಗಸರಿಗೂ ಹೀಗೇ ಒಂದು ಸರಳ ದಾರಿ ಮಾಡಿಸು. ಇದು ನಾನು ಕೈಮುಗಿದು ಕೇಳುವ ಮಾತು.

ಬಂದವರಲ್ಲಿ ಏಜೆಂಟರೂ ಇರುತ್ತಾರೆ. ಓಣಿಯ ಕಿರಾಣಿ ಅಂಗಡಿಯವ, ಎಲ್‌ಐಸಿ ಕೆಲಸ ಮಾಡುತ್ತಿದ್ದವ, ಭಜನಾ ಮಂಡಳಿಯ ಅಕ್ಕ. ಕಮಿಷನ್ನಿಗಾಗಿ ನೆರೆಮನೆಯವರ ಹಣ ತಂದು ಹಾಕಿದವರು, ತಮ್ಮ ಸ್ವಂತದ್ದನ್ನೂ ಹಾಕಿ ಕಳೆದುಕೊಂಡವರು. ಅವರ ತಪ್ಪು ಎಷ್ಟು ಎಂದು ತೂಗುವುದು ಪೊಲೀಸರಿಗೆ, ಕೋರ್ಟಿಗೆ ಬಿಟ್ಟ ವಿಷಯ. ನಿನಗೆ ಅವರ ಡೈರಿ ಬೇಕು. ಕಂಪನಿಯ ಕಂಪ್ಯೂಟರು ಸುಳ್ಳು ಹೇಳಿದಾಗ ಏಜೆಂಟನ ಆ ಹಳೆಯ ಡೈರಿ ನಿಜ ಹೇಳಿದ್ದನ್ನು ನಾನು ಕಂಡಿದ್ದೇನೆ. ಬೈದು ಓಡಿಸಿದರೆ ಡೈರಿಯೂ ಅವನ ಜೊತೆ ಹೋಗುತ್ತದೆ.

ಇನ್ನೂ ಒಂದು. ಗಂಡನಿಗೆ ಹೇಳದೆ ಹಣ ಇಟ್ಟ ಹೆಂಗಸರು ಬರುತ್ತಾರೆ, ಮಗಳ ಮದುವೆಯ ಹಣ ಹೋಯಿತೆಂದು ಮನೆಯಲ್ಲಿ ಬಾಯಿಬಿಡದ ಗಂಡಸರು ಬರುತ್ತಾರೆ. ಅವರ ಮನೆಯ ವಿಳಾಸಕ್ಕೆ ದೊಡ್ಡ ಲಕೋಟೆ ಕಳಿಸುವ ಮುಂಚೆ ಒಂದು ಫೋನು ಮಾಡಿ ಕೇಳು. 'ಇಷ್ಟು ಬಡ್ಡಿ ಕೊಡ್ತಾರಂದ್ರೆ ಅನುಮಾನ ಬರಲಿಲ್ಲವೇ' ಎಂಬ ಪ್ರಶ್ನೆಯನ್ನು ಯಾರಿಗೂ ಕೇಳಬೇಡ. ಆ ಪ್ರಶ್ನೆಯನ್ನು ಅವರು ತಮಗೆ ತಾವೇ ಸಾವಿರ ಸಲ ಕೇಳಿಕೊಂಡಿರುತ್ತಾರೆ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದಿಂದ ಬಂದವರ ಜೊತೆ ಕನ್ನಡದಲ್ಲಿ ಮಾತಾಡು. ಮರಾಠಿ ನೋಟಿಸಿನ ಕೆಳಗೆ ನಾಲ್ಕು ಸಾಲು ಕನ್ನಡವೂ ಇರಲಿ ಎಂದು ಆಫೀಸಿನಲ್ಲಿ ಕೇಳು. ನಿನಗೆ ಈ ಕೆಲಸ ಕೊಟ್ಟವರಿಗೆ ನಿನ್ನ ಭಾಷೆಯೂ ಒಂದು ಸಾಮರ್ಥ್ಯ ಎಂದು ತಿಳಿಯಲಿ.

ತಿರಸ್ಕರಿಸಬೇಕಾದ ಅರ್ಜಿಗಳೂ ಬರುತ್ತವೆ. ಆಗ ಮನಸ್ಸು ಗಟ್ಟಿ ಮಾಡಿ ತಿರಸ್ಕರಿಸು. ಆದರೆ ಕಾರಣ ಬರೆದು ಕೊಡು. ಯಾವ ದಾಖಲೆ ಸಾಲದು, ಅದನ್ನು ಎಲ್ಲಿ ಪಡೆಯಬಹುದು, ಒಪ್ಪದಿದ್ದರೆ ಯಾವ ಕೋರ್ಟಿಗೆ ಎಷ್ಟು ದಿನದೊಳಗೆ ಹೋಗಬಹುದು, ಎಲ್ಲ ಅವರಿಗೆ ತಿಳಿಯುವ ಮಾತಿನಲ್ಲಿ. ತಪ್ಪು ನಮ್ಮ ಆಫೀಸಿನದಾಗಿದ್ದರೆ ಅದನ್ನೂ ಬರೆ. ಪದ್ಧತಿ ಇಲ್ಲ ಎಂದು ಯಾರಾದರೂ ಹೇಳಿಯಾರು. ಪದ್ಧತಿ ಶುರುವಾಗುವುದು ಒಬ್ಬರು ಬರೆದು ಕೊಟ್ಟಾಗಲೇ ಎಂದು ವಿನಯದಿಂದ ಹೇಳು.

ಮುಂದಿನ ತಿಂಗಳು ಊಟಕ್ಕೆ ಬಾ. ಎಷ್ಟು ಕೋಟಿ ವಸೂಲಾಯಿತು ಎಂದು ನಾನು ಕೇಳುವುದಿಲ್ಲ, ಅದು ಪೇಪರಿನಲ್ಲಿ ಬರುತ್ತದೆ. ಹಣ ಸಿಗದೆ ವಾಪಸು ಹೋದವರು ಎಷ್ಟು ಮಂದಿ, ಅವರಲ್ಲಿ ಎಷ್ಟು ಮಂದಿಯ ಕೈಯಲ್ಲಿ ನಿನ್ನ ಸಹಿಯಿದ್ದ ಚೀಟಿ ಇತ್ತು, ಅಷ್ಟು ಹೇಳು.

ನಿನ್ನ ಕಾಕಾ